ಮೋರ್ಯರ ಮನೆಯ ಕಿಂಡಿ

ಕಳೆದ ವರ್ಷ ಒಂದು ಶನಿವಾರ ಪೆರಂಬೂರಿನಿಂದ ನಮ್ಮ ಮಕ್ಕಳನ್ನು ಕರೆದುಕೊಂಡು ಎಗ್ಮೂರಿನ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಅಲ್ಲಿ ಸಾಲುಗಾಲುಗಳುಳ್ಳ ಮಣ್ಣಿನ ತೊಟ್ಟಿಯೊಂದನ್ನು ಕಂಡು ಒಬ್ಬ ಬಾಲಕನು, "ಸಾರ್, ಇದು ದನಗಳ ಬಾನಿಯೇ?" ಎಂದು ಕೇಳಿದನು. ಅಲ್ಲ, ಅದು ಸತ್ತವರ ಎಲುಬುಗಳನ್ನಿರಿಸಿ ಹೂಳುತ್ತಿದ್ದ ಪೆಟ್ಟಿಗೆ. ಇಂಥವು ಈ ಪಟ್ಟಣದಂಚಿನ ಪಲ್ಲಾವರದಲ್ಲಿಯೂ ದೊರೆತಿವೆ ಎಂದೆವು. "ಹಾಗಾದರೆ ಅವರು ತಮಿಳರು" ಎಂದಳೊಬ್ಬಳು. "ನಮ್ಮ ಕಡೆಯೂ ಇವೆಯಂತೆ, ಅವರು ಕನ್ನಡಿಗರು" ಎಂದನೊಬ್ಬ. ತೀರ್ಪಿಗಾಗಿ ಎಲ್ಲರೂ ನಮ್ಮ ಮುಖವನ್ನು ನೋಡಿದರು. ಆದರೆ ನಮ್ಮ ಕಣ್ಣು ಪಕ್ಕದಲ್ಲಿದ್ದ ಚಿಕ್ಕದೊಂದು ಮಡಕೆಯ ಮೇಲೆ ಬಿದ್ದಿತ್ತು. ಅದರ ಬಾಯಿ ಕಪ್ಪು, ಬುಡ ಕೆಂಪು. ಅಂದು ನಾವು ಏನನ್ನೂ ಹೇಳದೆ ಮುಂದಕ್ಕೆ ನಡೆದೆವು. ಆ ಮೌನದ ಕಾರಣವನ್ನು ಇಲ್ಲಿ ಹೇಳಿಬಿಡುತ್ತೇವೆ.

ನಮ್ಮ ಹುಟ್ಟೂರು ಗಂಗಾವತಿಯ ಕಡೆಯದು. ಅಲ್ಲಿ ಹಿರೇಬೆಣಕಲ್ ಎಂಬ ಗ್ರಾಮದ ಬೆಟ್ಟವನ್ನೇರಿದರೆ, ಮೇಲೆ ಕಲ್ಲಿನದೇ ಒಂದು ಊರು ಕಾಣುತ್ತದೆ. ಚಪ್ಪಡಿಗಳನ್ನು ನೆಟ್ಟು ಗೋಡೆ, ಮೇಲೊಂದು ಹಾಸುಗಲ್ಲಿನ ಮಾಡು, ಹಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಕೆಲವು ಮೊಳಕಾಲೆತ್ತರ, ಕೆಲವು ಆಳೆತ್ತರಕ್ಕೂ ಮಿಗಿಲು. ಒಟ್ಟು ಸುಮಾರು 400 ಎಂದು ಬಲ್ಲವರು ಎಣಿಸಿದ್ದಾರೆ. ಕಿಂಡಿಯಲ್ಲಿ ತಲೆಯಿಟ್ಟು ಕೂಗಿದರೆ ನಮ್ಮ ದನಿ ಬೇರೆ ಯಾರದೋ ದನಿಯಾಗಿ ಮರಳುತ್ತಿತ್ತು. ಜನರು ಅದನ್ನು ಮೋರ್ಯರ ಗುಡ್ಡವೆನ್ನುತ್ತಾರೆ. "ಮೋರ್ಯರಂದ್ರ ಗೇಣುದ್ದದ ಮಂದಿ. ಅದಕ್ಕ ಅಷ್ಟು ಸಣ್ಣ ಬಾಗ್ಲಾ ಇಟ್ಕೊಂಡಿದ್ರು" ಎನ್ನುತ್ತಿದ್ದಳು ನಮ್ಮಜ್ಜಿ.

ನಮಗೆ ಆಗ ಹನ್ನೊಂದು ವರ್ಷ. ಆ ಮನೆಗಳಡಿ ನಿಧಿಯಿದೆಯೆಂಬ ಸುದ್ದಿಯನ್ನು ನಂಬಿ, ಗೆಳೆಯರಿಬ್ಬರೊಡನೆ ಗುದ್ದಲಿ ಹೊತ್ತು ಬೆಟ್ಟವನ್ನೇರಿದೆವು. ಉರುಳಿದ ಚಪ್ಪಡಿಯೊಂದರ ಬದಿಯಲ್ಲಿ ಅಗೆದಾಗ ಮಡಕೆಯೊಂದು ಸಿಕ್ಕಿತು. ಬಾಯಿ ಕಪ್ಪು, ಬುಡ ಕೆಂಪು. ಒಂದು ಬಿರುಕೂ ಇರಲಿಲ್ಲ. ಬೋರಲು ಹಾಕಿದೆವು. ಮಣ್ಣು ಬಿತ್ತು, ಅದರೊಡನೆ ತುಕ್ಕು ತಿಂದ ಕಬ್ಬಿಣದ ತುಂಡೊಂದು ಬಿತ್ತು, ಚಿನ್ನ ಬೀಳಲಿಲ್ಲ. ಸಿಟ್ಟಿನಿಂದ ಅದನ್ನು ಬಂಡೆಗೆ ಅಪ್ಪಳಿಸಿದೆವು. ಅಪ್ಪಳಿಸಿದ ಕೈ ಗೆಳೆಯರದಲ್ಲ, ನಮ್ಮದೇ.

ಆ ಮಡಕೆ ಎಂಥದೆಂದು ತಿಳಿದದ್ದು ಬಹುಕಾಲದ ಮೇಲೆ. ಬೋರಲಾಗಿರಿಸಿ ಸುಟ್ಟಾಗ ಗಾಳಿ ತಾಗದ ಒಳಮೈಯೂ ಬಾಯಿಯೂ ಕಪ್ಪಾಗುತ್ತವೆ, ಗಾಳಿ ತಾಗಿದ ಹೊರಮೈ ಕೆಂಪಾಗುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪಂಡಿತರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಕಲ್ಲುಗೋರಿಗಳಲ್ಲಿ ಇಂಥವೇ ಮಡಕೆಗಳೂ ಕಬ್ಬಿಣದ ಆಯುಧಗಳೂ ದೊರೆತವು. ತಮಿಳುನಾಡಿನ ಗೋರಿಗಳಲ್ಲಿಯೂ ಇವೇ ಇವೆ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ನೆಲದೊಳಗೆ ಕ್ಷೇಮವಾಗಿದ್ದುದು ನಮ್ಮ ಕೈಯಲ್ಲಿ ಒಂದು ಗಳಿಗೆಯೂ ಉಳಿಯಲಿಲ್ಲ.

ಇಂಥ ಕಲ್ಲುಮನೆಗಳು ನಮ್ಮಲ್ಲಷ್ಟೇ ಇಲ್ಲ. ದೂರದ ಡೆನ್ಮಾರ್ಕ್, ಸ್ವೀಡನ್ ದೇಶಗಳಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನವು ಇವೆ. ಕಟ್ಟಿದವರು ಕಬ್ಬಿಣವನ್ನೇ ಕಾಣದ ಬೇಸಾಯಗಾರರು. ಮೇಲೆ ಮಣ್ಣಿನ ದಿಬ್ಬವನ್ನೂ ಎಬ್ಬಿಸುತ್ತಿದ್ದರು. ಅವರಿಗೂ ನಮ್ಮವರಿಗೂ ಎರಡು ಸಾವಿರ ವರ್ಷಗಳ ಅಂತರ. ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಡೆನ್ಮಾರ್ಕಿನ ಜನರು ಅಂಥ ಗೋರಿಗೆ ಕೊಟ್ಟ ಹೆಸರಿನ ಅರ್ಥ 'ದೈತ್ಯನ ಕೋಣೆ'. ಈ ವಿಷಯ ನಮಗೆ ಬಹಳ ರುಚಿಸಿತು. ಅವರು ಮೇಲಿನ ಬಂಡೆಯ ಭಾರವನ್ನು ನೋಡಿ, ಇದನ್ನೆತ್ತಿದವರು ದೈತ್ಯರೇ ಇರಬೇಕೆಂದರು. ನಮ್ಮಜ್ಜಿ ಕಿಂಡಿಯ ಅಳತೆಯನ್ನು ನೋಡಿ, ಇದರಲ್ಲಿ ನುಸುಳಿದವರು ಕುಳ್ಳರೇ ಇರಬೇಕೆಂದಳು. ತಮಿಳರಲ್ಲಿ ಹೂಳುಗಡಿಗೆಗಳಿಗೆ 'ಮುದುಮಕ್ಕಳ್ ತಾಳಿ' ಎಂಬ ಹೆಸರುಂಟು; ಮುದುಕರು ಸಾಯದೆ ಕುಗ್ಗುತ್ತ ಹೋದಾಗ ಅವರನ್ನು ಅದರಲ್ಲಿ ಕೂರಿಸುತ್ತಿದ್ದರೆಂದು ಕತೆ. ಕಟ್ಟಿದವರು ನಮ್ಮ ನಿಮ್ಮಷ್ಟೇ ಎತ್ತರದವರು ಎಂದು ಮಾತ್ರ ಯಾರಿಗೂ ತೋರಲಿಲ್ಲ!

ಇನ್ನು ಮಕ್ಕಳ ವ್ಯಾಜ್ಯ. ಮಡಕೆಗಳ ಮೇಲೆ ಅವರು ಗೀರಿದ ಗುರುತುಗಳುಂಟು. ಅವನ್ನು ಓದಿ ಇದು ಇಂಥ ಭಾಷೆಯೆಂದು ಎಲ್ಲರೂ ಒಪ್ಪುವಂತೆ ಹೇಳಿದವರಿಲ್ಲ. ಆದುದರಿಂದ ಇಬ್ಬರ ಪರವಾಗಿಯೂ ನಾವು ತೀರ್ಪು ಕೊಡಲಾರೆವು. 2021ರಲ್ಲಿ ಹಿರೇಬೆಣಕಲ್ ವಿಶ್ವಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಆ ಸುದ್ದಿಯನ್ನು ಓದಿದ ದಿನ ನಮಗೆ ಹಿಗ್ಗೂ ಆಯಿತು, ಊಟವೂ ರುಚಿಸಲಿಲ್ಲ.

ಅಂದು ಸಂಜೆ ಬೆಟ್ಟದಿಂದಿಳಿದು ಬಂದಾಗ ಅಂಗಿಯ ಮಣ್ಣನ್ನು ಕಂಡು ಅಜ್ಜಿ ಎಲ್ಲವನ್ನೂ ಬಾಯಿ ಬಿಡಿಸಿದಳು. ಹೊಡೆಯಲಿಲ್ಲ. ಮರುದಿನ ಒಂದು ಎಲೆಯಲ್ಲಿ ಅನ್ನ, ಬೆಲ್ಲ ಇಟ್ಟುಕೊಂಡು ನಮ್ಮ ಕೈ ಹಿಡಿದು ಬೆಟ್ಟದ ಬುಡಕ್ಕೆ ನಡೆದಳು. ಮೇಲೇರಲು ಅವಳ ಮಂಡಿ ಒಪ್ಪಲಿಲ್ಲ. ಅಲ್ಲಿಯೇ ಒಂದು ಕಲ್ಲಿನ ಮೇಲೆ ಎಡೆಯಿಟ್ಟು ಕೈ ಮುಗಿದಳು. "ಯಾರಿಗೆ ಇಟ್ಟಿ, ಅಜ್ಜಿ?" ಎಂದು ಕೇಳಿದೆವು.

"ಯಾರಾದ್ರೇನು, ಹಿರೇರು. ನೀನೂ ಕೈ ಮುಗಿ" ಎಂದಳು.