ಅಜ್ಜಿಯ ಸೀರೆಯೂ ಅಜ್ಜಿಯೂ

ಮದುವೆಯೆಂಬುದು ಎರಡು ಜೀವಗಳನ್ನು ಮಾತ್ರವಲ್ಲದೆ ಎರಡು ಮನೆತನಗಳನ್ನೂ ಕೂಡಿಸುವ ಮಂಗಲಕಾರ್ಯ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ಕೇಳದ ಗೃಹಸ್ಥರಿಲ್ಲ. ಹಿಂದೆ ಮದುವೆಯ ರೀತಿ ನೀತಿಗಳನ್ನು ಹಿರಿಯರು ನಿಶ್ಚಯಿಸುತ್ತಿದ್ದರು. ವಧೂವರರು ಹಸೆಯ ಮೇಲೆ ಬಂದು ಕುಳಿತರೆ ಸಾಕಿತ್ತು. ಈಗ ಹಾಗಿಲ್ಲ. ತಮ್ಮ ಮದುವೆ ತಮ್ಮ ಅಭಿರುಚಿಗೆ, ತಮ್ಮ ಸ್ವಭಾವಕ್ಕೆ ತಕ್ಕಂತೆ ಇರಬೇಕೆಂದು ಮಕ್ಕಳು ಬಯಸುತ್ತಾರೆ. ಅದರಲ್ಲಿಯೂ ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾಲದ ಮದುವೆಯ ಮೇಲೆ ಯುವಜನರಿಗೆ ವಿಶೇಷವಾದ ಒಲವು ಹುಟ್ಟಿದೆ. ಇದು ಸಂತೋಷದ ಸಂಗತಿಯೇ. ಆದರೆ ಹಳೆಯದೆಂದರೆ ಯಾವುದು, ಅದರಲ್ಲಿ ಎಷ್ಟನ್ನು ಹಂದರದೊಳಗೆ ಬರಮಾಡಿಕೊಳ್ಳಬೇಕು, ಎಷ್ಟನ್ನು ಹೊರಗೆ ಬಿಡಬೇಕು ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. 2024ರ ಮಾಘ ಮಾಸದಲ್ಲಿ ನಮ್ಮ ಮನೆಯಲ್ಲಿ ನಡೆದ ಮದುವೆಯು ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟಿತು. ಆ ಅನುಭವವನ್ನು ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ನಮ್ಮದು ಹುನಗುಂದದ ಸೀಮೆಯ ಒಂದು ಸಣ್ಣ ಊರು. ಮಗಳು ಚಿತ್ರಕಲೆಯ ಶಿಕ್ಷಕಿ. ಬಣ್ಣಗಳೆಂದರೆ ಅವಳಿಗೆ ಪ್ರಾಣ. ಕಸೂತಿ ಅವಳ ಬಿಡುವಿನ ಹವ್ಯಾಸ. ಅಳಿಯಂದಿರು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾರೆ. ಹಾಳಾದ ಹಳೆಯ ರೇಡಿಯೋಗಳನ್ನು ಕೊಂಡು ತಂದು, ರಿಪೇರಿ ಮಾಡಿ, ಮತ್ತೆ ಮಾತನಾಡಿಸುವುದರಲ್ಲಿ ಅವರಿಗೆ ಬಲು ಆಸಕ್ತಿ. ಹೀಗೆ ಇಬ್ಬರಿಗೂ ಹಳೆಯ ವಸ್ತುಗಳ ಮೇಲೆ ಪ್ರೀತಿ. ತಮ್ಮ ಮದುವೆಯೂ ಬಣ್ಣ ಬಣ್ಣದ, ಹಳೆಯ ಸೊಗಸಿನ ಮದುವೆಯಾಗಬೇಕೆಂದು ನಿಶ್ಚಿತಾರ್ಥದ ದಿನವೇ ಇಬ್ಬರೂ ಕೂಡಿ ಹೇಳಿದರು.

ಮೊದಲಿಗೆ ಒಬ್ಬ ಅಲಂಕಾರ ಗುತ್ತಿಗೆದಾರರನ್ನು ವಿಚಾರಿಸಿದೆವು. ಅವರು ಚಿತ್ರಗಳನ್ನು ತೋರಿಸಿದರು: ಥರ್ಮಾಕೋಲಿನ ಬಾವಿ, ಬಣ್ಣ ಬಳಿದ ಬಂಡಿಯ ಗಾಲಿ, ಪ್ಲಾಸ್ಟಿಕ್ಕಿನ ಚೆಂಡು ಹೂವು, ಮಣ್ಣಿನ ಗೋಡೆಯಂತೆ ಕಾಣುವ ಬಟ್ಟೆಯ ಪರದೆ. ಇವೆಲ್ಲಕ್ಕೂ ಎರಡೂವರೆ ಲಕ್ಷ ರೂಪಾಯಿ. ಮದುವೆ ಮುಗಿದ ಮರುದಿನ ಅದೇ ಬಾವಿ ಬೇರೊಂದು ಊರಿನ ಹಂದರಕ್ಕೆ ಹೋಗುತ್ತದೆ. ಅವರು ಹೋದ ಮೇಲೆ ಮಗಳು ಅಂದಳು: "ಅವ್ವಾ, ಬಾವಿ ನಮ್ಮ ಹಿತ್ತಲದಾಗ ಐತಿ, ಬಂಡಿ ಗಾಲಿ ದನದ ಮನ್ಯಾಗ ಐತಿ. ಹಳೇದನ್ನ ಬಾಡಿಗಿಗೆ ಯಾಕ ತರಬೇಕು?" ಆ ಮಾತು ನಮಗೆಲ್ಲ ಸರಿಯೆನಿಸಿತು. ಮದುವೆಯನ್ನು ಮನೆಯ ಮುಂದಿನ ಹಂದರದಲ್ಲಿಯೇ ಮಾಡುವುದೆಂದು ತೀರ್ಮಾನವಾಯಿತು.

ನನ್ನ ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಅವರ ಮದುವೆ ನಡೆದದ್ದು 1958ರಲ್ಲಿ. ತಮ್ಮ ಕಬ್ಬಿಣದ ಟ್ರಂಕಿನಿಂದ ಅವರು ದಾಳಿಂಬೆ ಬಣ್ಣದ ಇಳಕಲ್ಲ ಸೀರೆಯನ್ನು ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಅಕ್ಕಿಕಾಳಿನ ಹೊತ್ತಿಗೆ ಅವರು ಉಟ್ಟ ಸೀರೆಯದು. ಇಳಕಲ್ಲ ಸೀರೆಯ ವೈಶಿಷ್ಟ್ಯವನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲವಾದರೂ, ಪೇಟೆಗಳಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು ಹೇಳುವುದು ಉಚಿತ. ಈ ಸೀರೆಯ ಒಡಲು ಸಾಂಪ್ರದಾಯಿಕವಾಗಿ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಒಂದೊಂದಾಗಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಈ ಕಾರಣದಿಂದ ಹಾಸನ್ನು ಒಂದೊಂದು ಸೀರೆಯ ಅಳತೆಗೇ ಹೂಡಬೇಕಾಗುತ್ತದೆ. ಹತ್ತಾರು ಸೀರೆಗಳ ಹಾಸನ್ನು ಒಮ್ಮೆಗೇ ಸುತ್ತಿಟ್ಟು ನೇಯುವಂತಿಲ್ಲ. ಸೆರಗಿನ ಮೇಲೆ ಕೆಂಪು ಬಿಳುಪುಗಳಲ್ಲಿ ಮೂಡುವ ಸಾಲುಗಳಿಗೆ ನೇಕಾರರು ಹಣಿಗೆ, ಕೋಟೆ, ಜೋಳದ ತೆನೆ ಎಂದು ಬಾಳಿನಲ್ಲಿ ಕಂಡ ವಸ್ತುಗಳ ಹೆಸರನ್ನೇ ಇಟ್ಟಿದ್ದಾರೆ. ವಿದ್ಯುತ್ ಮಗ್ಗದ ಅನುಕರಣೆಗಳು ಇಂದು ಪೇಟೆಯಲ್ಲಿ ಅಗ್ಗವಾಗಿ ದೊರೆಯುತ್ತವೆ. ಆದರೆ ಕೊಂಡಿ ಹಾಕಿದ ಕೈಮಗ್ಗದ ಸೀರೆಯ ಘನತೆಯೇ ಬೇರೆ.

ಅರವತ್ತಾರು ವರ್ಷ ಟ್ರಂಕಿನಲ್ಲಿದ್ದ ಸೀರೆ ಮಡಿಕೆಗಳಲ್ಲಿ ಅಲ್ಲಲ್ಲಿ ಹರಿದಿತ್ತು. ಅಜ್ಜಿ ಹೇಳಿಕೊಟ್ಟಂತೆ ಮೊಮ್ಮಗಳು ಅದೇ ಬಣ್ಣದ ನೂಲಿನಿಂದ ಹರಕನ್ನು ರಫು ಮಾಡತೊಡಗಿದಳು. ದಿನಕ್ಕೆ ಒಂದು ಗೇಣು ಮುಗಿದರೆ ಹೆಚ್ಚು. ಆ ಕೆಲಸ ಎರಡು ತಿಂಗಳು ನಡೆಯಿತು. ಅಜ್ಜಿ ತಮ್ಮ ಮದುವೆಯ ಕಥೆಯನ್ನು ಹೇಳುತ್ತ ಕುಳಿತಿರುತ್ತಿದ್ದರು. ಐರಣಿಯ ಗಡಿಗೆಗಳನ್ನು ಕುಂಬಾರರ ಮನೆಯಿಂದ ತಂದದ್ದು, ಸುರಗಿ ಸುತ್ತಿದ್ದು, ಬಂಡಿ ಕಟ್ಟಿಕೊಂಡು ಬೀಗರು ಬಂದದ್ದು, ಎಲ್ಲವೂ ಆ ಮಾತಿನಲ್ಲಿ ಮರುಜೀವ ಪಡೆದವು.

ಉಳಿದ ಬಣ್ಣಗಳೂ ಹೀಗೆಯೇ ಕೂಡಿಬಂದವು. ಕುಬಸಗಳಿಗಾಗಿ ಗುಳೇದಗುಡ್ಡದಿಂದ ಖಣಗಳನ್ನು ತಂದೆವು. ಬೀಗರ ಮನೆಯಿಂದ ಒಂದು ಗಂಟು ಹಳೆಯ ಸೀರೆಗಳು ಬಂದವು, ನಮ್ಮ ಮನೆಯವೂ ಸೇರಿದವು. ಊರಿನ ನಾಲ್ವರು ಹೆಣ್ಣುಮಕ್ಕಳು ಅವೆಲ್ಲವನ್ನೂ ಚೌಕ ಚೌಕವಾಗಿ ಕತ್ತರಿಸಿ, ತೇಪೆ ಜೋಡಿಸಿ, ದೊಡ್ಡದೊಂದು ಕೌದಿಯನ್ನು ಹೊಲಿದರು. ವಧೂವರರು ಕುಳಿತದ್ದು ಆ ಕೌದಿಯ ಮೇಲೆ. ಮಗಳು ವರನ ಶಲ್ಯದ ಅಂಚಿಗೆ ಎಳೆ ಎಣಿಸಿ ಕಸೂತಿ ಹಾಕಿದಳು. ಗಂಟು ಹಾಕದೆ, ಎರಡೂ ಮಗ್ಗುಲು ಒಂದೇ ಬಗೆಯಾಗಿ ಕಾಣುವಂತೆ ಹಾಕುವ ಗವಂತಿ ಮತ್ತು ಮುರಗಿ ಹೊಲಿಗೆಗಳವು. ಗೋಪುರ, ತೇರು, ಆನೆಗಳ ಸಾಲಿನ ನಡುವೆ ಒಂದು ಪುಟ್ಟ ರೇಡಿಯೋ ಕೂಡ ಮೂಡಿತು! ಅದನ್ನು ಕಂಡು ನಕ್ಕವರೇ ಎಲ್ಲರೂ.

ಮಾಘ ಮಾಸವೆಂದರೆ ನಮ್ಮ ಕಡೆ ಬಿಳಿಜೋಳದ ಸುಗ್ಗಿ. ಹಂದರದ ಬಾಗಿಲಿಗೆ ಮಾವಿನ ತೋರಣದೊಡನೆ ಜೋಳದ ತೆನೆಗಳ ಗೊಂಚಲನ್ನೂ ಕಟ್ಟಿದೆವು. ಊಟಕ್ಕೆ ಮುತ್ತುಗದ ಎಲೆಯ ಪತ್ರಾವಳಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮಾದಲಿ, ಗೋಧಿ ಹುಗ್ಗಿ. ಬೀಗರನ್ನು ಕರಡಿ ಮಜಲಿನ ಮೇಳದೊಡನೆ ಎದುರುಗೊಂಡೆವು. ಅಳಿಯಂದಿರು ರಿಪೇರಿ ಮಾಡಿದ ಮರದ ಪೆಟ್ಟಿಗೆಯ ರೇಡಿಯೋದ ಒಳಗೆ ಹೊಸ ಯಂತ್ರವನ್ನು ಅಳವಡಿಸಿದ್ದರು. ಬೆಳಗಿನ ಹೊತ್ತು ಅದರಿಂದ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು ಮೆಲುದನಿಯಲ್ಲಿ ಕೇಳಿಬರುತ್ತಿದ್ದವು.

ಇಷ್ಟೇ ಆಗಿದ್ದರೆ ಈ ಲೇಖನದ ಅವಶ್ಯಕತೆ ಇರುತ್ತಿರಲಿಲ್ಲ. ನಿಜವಾದ ಪ್ರಶ್ನೆ ಎದುರಾದದ್ದು ಲಗ್ನಪತ್ರಿಕೆ ಬರೆಯುವಾಗ. ಮುದ್ರಣ ಕಾಶಿಯೆಂದು ಹೆಸರಾದ ಗದಗಿನಲ್ಲಿ, ಮೊಳೆ ಜೋಡಿಸಿ ಅಚ್ಚು ಹಾಕುವ ಹಳೆಯ ಯಂತ್ರವನ್ನು ಉಳಿಸಿಕೊಂಡ ಮುದ್ರಣಾಲಯವೊಂದನ್ನು ಅಳಿಯಂದಿರು ಹುಡುಕಿದ್ದರು. ಅಲ್ಲಿಗೆ ಕಳಿಸಬೇಕಾದ ಕರಡಿನಲ್ಲಿ ಆಮಂತ್ರಿಸುವವರ ಸಾಲಿನ ಮೊದಲಿಗೆ ಮಗಳು ಅಜ್ಜಿಯ ಹೆಸರನ್ನು ಬರೆದಿದ್ದಳು. ಅರಿಶಿಣವನ್ನು ಮೊದಲು ಹಚ್ಚುವವರೂ ಅಜ್ಜಿಯೇ ಆಗಬೇಕೆಂಬುದು ಅವಳ ಹಟ. ಮಾವನವರು 1993ರಲ್ಲಿ ಲಿಂಗೈಕ್ಯರಾದರು. ಅಂದಿನಿಂದ ಮೂವತ್ತೊಂದು ವರ್ಷಗಳ ಕಾಲ ಅತ್ತೆಯವರು ಯಾವ ಮದುವೆಯಲ್ಲಿಯೂ ಹಂದರದ ಮುಂಭಾಗಕ್ಕೆ ಬಂದವರಲ್ಲ. ಅಡುಗೆಮನೆ, ಉಗ್ರಾಣ, ಇಲ್ಲವೆ ಮಕ್ಕಳನ್ನು ಮಲಗಿಸುವ ಕೋಣೆ, ಇವೇ ಅವರ ಜಾಗ.

"ಶುಭಕಾರ್ಯದಾಗ ನಾನು ಮುಂದ ಬರೂದು ಬ್ಯಾಡವ್ವಾ" ಎಂದು ಅವರೇ ಅಂದರು. ಅದಕ್ಕೆ ಮೊಮ್ಮಗಳು ಕೇಳಿದ್ದು ಒಂದೇ ಮಾತು: "ಅಜ್ಜಿ, ನಿನ್ನ ಸೀರಿ ಹಂದರಕ್ಕ ಬರತೈತಿ. ನೀ ಯಾಕ ಬರಬಾರದು?"

ಮನೆಯಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಅತ್ತೆಯವರ ನೆಗೆಣ್ಣಿ, ನಮ್ಮ ಚಿಕ್ಕತ್ತೆಯವರು, ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: "ತಂಗಿ, ಹುಡುಗೂರು ಇವತ್ತ ಹಟಾ ಮಾಡತಾರ. ನಾಳೆ ಇವಳ ಬಾಳುವ್ಯಾಗ ಏನರ ಹೆಚ್ಚುಕಡಿಮಿ ಆತಂದ್ರ ಮಂದಿ ಬಾಯಿ ಅಕ್ಕನ ಮ್ಯಾಲೇ ಬೀಳತೈತಿ. ಆ ವಯಸ್ಸಿನಾಗ ಆಕಿ ಅದನ್ನ ತಡಕೊಂಡಾಳೇನು?" ಆ ಮಾತಿನಲ್ಲಿ ದ್ವೇಷವಿರಲಿಲ್ಲ, ಅಕ್ಕರೆಯೇ ಇತ್ತು. ಅತ್ತೆಯವರ ಹಿಂಜರಿಕೆಯ ಹಿಂದೆಯೂ ಇದೇ ಅಂಜಿಕೆ ಇತ್ತೆಂಬುದು ಆಗ ಸ್ಪಷ್ಟವಾಯಿತು. ತಮ್ಮಿಂದ ಅಶುಭವಾದೀತೆಂದು ಅವರು ನಂಬಿದ್ದರೋ ಇಲ್ಲವೋ, ಮೊಮ್ಮಗಳಿಗೆ ಕಾಲು ಎಡವಿದರೂ ಅಪವಾದ ತಮ್ಮ ಮೇಲೆಯೇ ಬಂದೀತೆಂದು ಮಾತ್ರ ಅವರು ಬಲ್ಲವರಾಗಿದ್ದರು.

ನಾವು ಈ ವಿಷಯವನ್ನು ಬೀಗರಿಂದ ಮುಚ್ಚಿಡಲಿಲ್ಲ. ಬೀಗಿತ್ತಿಯವರು ಎಲ್ಲವನ್ನೂ ಕೇಳಿ, "ಅವರ ಕೈಯಾಗ ಬೆಳೆದ ಹುಡುಗಿ ನಮ್ಮ ಮನಿ ತುಂಬಾಕ ಬರಾಕತ್ತಾಳ. ಆ ಕೈ ಅರಿಶಿಣ ಹಚ್ಚಿದ್ರ ನಮಗ ಒಳ್ಳೇದ ಆಗತೈತಿ" ಎಂದರು. ಊರಿನ ಮಠದ ಅಯ್ಯನವರೂ, ಇಷ್ಟಲಿಂಗವನ್ನು ಧರಿಸಿದ ದೇಹಕ್ಕೆ ಸೂತಕವಿಲ್ಲವೆಂದು ಸಾರಿದ ಶರಣರ ಮಕ್ಕಳಾದ ನಾವು ಒಬ್ಬ ತಾಯಿಯನ್ನು ಅಮಂಗಲವೆನ್ನುವುದು ಹೇಗೆಂದು ಕೇಳಿದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಯನ್ನು ನಾವು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇವೆ. ರೂಢಿಯನ್ನು ಮುರಿದು ನಡೆದ ಆ ಮದುವೆಯೂ ನಮಗೆ ಹಳೆಯದೇ ಅಲ್ಲವೆ? ನಮ್ಮ ಗಡಿಯಾಚೆ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮದಲ್ಲಿ, ಪತಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿಗಳನ್ನು ನಿಲ್ಲಿಸುವುದೆಂದು ಗ್ರಾಮಸ್ಥರು 2022ರ ಮೇ ತಿಂಗಳಲ್ಲಿ ಠರಾವು ಮಾಡಿದರು. ಆ ಮಾದರಿಯನ್ನು ಇತರ ಗ್ರಾಮಗಳೂ ಅನುಸರಿಸಬೇಕೆಂದು ಮಹಾರಾಷ್ಟ್ರ ಸರಕಾರವು ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಒಂದು ಊರು ಮಾಡಬಲ್ಲ ಕೆಲಸವನ್ನು ಒಂದು ಮನೆ ಮಾಡಲಾರದೆ?

ಅತ್ತೆಯವರನ್ನು ಕೊನೆಗೆ ಒಪ್ಪಿಸಿದ್ದು ನಮ್ಮ ವಾದವಲ್ಲ. ಅರಿಶಿಣ ಕುಟ್ಟುವಾಗ, ಸುರಗಿ ಸುತ್ತುವಾಗ ಹಾಡುವ ಪದಗಳು ಊರಿನಲ್ಲಿ ಪೂರ್ಣವಾಗಿ ಯಾರಿಗೂ ಬರುತ್ತಿರಲಿಲ್ಲ. ಒಬ್ಬರಿಗೆ ಎರಡು ನುಡಿ, ಮತ್ತೊಬ್ಬರಿಗೆ ಬರಿಯ ಧಾಟಿ. ಎಲ್ಲವನ್ನೂ ಬಲ್ಲವರು ಅವರೊಬ್ಬರೇ. "ಹಾಡಾಕರ ಬರತೀನಿ" ಎಂದು ಒಪ್ಪಿದರು. ಅರಿಶಿಣದ ದಿನ ಮೊಮ್ಮಗಳು ಅವರ ಕೈ ಹಿಡಿದು ಕೌದಿಯ ಬಳಿಗೆ ಕರೆತಂದಳು. ಅವರು ಅರಿಶಿಣದಲ್ಲಿ ಬೆರಳು ಅದ್ದಿ, ಕ್ಷಣಕಾಲ ಸುಮ್ಮನೆ ನಿಂತರು. "ಕೈ ನಡಗತಾವ, ಹಿಡಕೋ" ಎಂದರು. ಬೀಗಿತ್ತಿಯವರು ಬಂದು ಆ ಕೈಯನ್ನು ಹಿಡಿದರು. ಮೊದಲ ಅರಿಶಿಣ ಹಾಗೆ ಬಿದ್ದಿತು. ಆಮೇಲೆ ಅವರು ಹಾಡತೊಡಗಿದರು. ಮೂವತ್ತೊಂದು ವರ್ಷ ಸುಮ್ಮನಿದ್ದ ದನಿ ಮೊದಮೊದಲು ತಡವರಿಸಿ, ಬಳಿಕ ಏರಿತು. ಹೆಣ್ಣುಮಕ್ಕಳೆಲ್ಲ ಸೊಲ್ಲೆತ್ತಿಕೊಂಡರು.

ಎಲ್ಲವೂ ಅಂದೇ ಬದಲಾಯಿತೆಂದು ಹೇಳಲಾರೆ. ಚಿಕ್ಕತ್ತೆಯವರು ಅರಿಶಿಣ ಮುಗಿಯುವವರೆಗೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಇಬ್ಬರು ಬಂಧುಗಳು ಮುನಿಸಿಕೊಂಡು ಊಟ ಮಾಡದೆ ಹೋದರು. ಅತ್ತೆಯವರೂ ಉಡಿ ತುಂಬಿಸಿಕೊಳ್ಳಲು ಒಪ್ಪಲಿಲ್ಲ. ನಾವು ಬಲವಂತ ಮಾಡಲಿಲ್ಲ. ಅದು ಅವರ ಮನಸ್ಸಿಗೆ ಬಿಟ್ಟ ವಿಷಯ. ಆದರೆ ಮರುದಿನ, ದಾಳಿಂಬೆ ಬಣ್ಣದ ಆ ಸೀರೆಯನ್ನುಟ್ಟ ವಧುವಿನ ಮೇಲೆ ಅಕ್ಕಿಕಾಳು ಬೀಳುವಾಗ, ಅದನ್ನು ಮೊದಲು ಉಟ್ಟವರು ಮುಂದಿನ ಸಾಲಿನಲ್ಲಿಯೇ ನಿಂತಿದ್ದರು.

ಇಂಥ ಮದುವೆಯಿಂದ ಖರ್ಚು ಕಡಿಮೆಯಾಗುವುದೇ ಎಂದು ಕೆಲವರು ಕೇಳುತ್ತಾರೆ. ಅಲಂಕಾರದ ವೆಚ್ಚ ಉಳಿಯಿತು, ಆದರೆ ದುಡಿಮೆ ಹೆಚ್ಚಿತು. ಮೂರು ತಿಂಗಳು ಮನೆಮಂದಿಗೆ ಬಿಡುವಿರಲಿಲ್ಲ. ಉಳಿದ ಹಣದ ಬಹುಭಾಗ ನೇಕಾರರಿಗೂ ಕೌದಿ ಹೊಲಿದವರಿಗೂ ಮೇಳದವರಿಗೂ ಸಂದಿತು. ಹೀಗೆ ಮಾಡಬಯಸುವವರು ಕೈಮಗ್ಗದ ಸೀರೆಗಳನ್ನು ತಿಂಗಳುಗಟ್ಟಲೆ ಮೊದಲೇ ಹೇಳಿಡಬೇಕು. ನೇಕಾರರಲ್ಲಿ ಚೌಕಾಸಿ ಮಾಡಬಾರದು. ಹಳೆಯ ಬಟ್ಟೆ ಪಾತ್ರೆಗಳನ್ನು ಹೊರತೆಗೆದಾಗ ಅವುಗಳ ಕಥೆಯನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಬೇಕು. ಹಾಡು ಬಲ್ಲವರಿದ್ದರೆ ಈಗಲೇ ಕಲಿಯಬೇಕು.

ಎಲ್ಲಕ್ಕಿಂತ ಮಿಗಿಲಾಗಿ, ಹಳೆಯ ಪೆಟ್ಟಿಗೆಯನ್ನು ತೆರೆಯುವಾಗ ಅದರೊಳಗಿನ ಎಲ್ಲವೂ ಉಡಲು ಯೋಗ್ಯವಲ್ಲವೆಂಬ ವಿವೇಕ ಬೇಕು. ನುಸಿ ಹಿಡಿದದ್ದನ್ನು ಬಿಸಿಲಿಗೆ ಹಾಕಬೇಕು, ಹರಿದದ್ದನ್ನು ಹೊಲಿಯಬೇಕು, ಕೊಳೆತದ್ದನ್ನು ಬಿಡಬೇಕು. ಬಣ್ಣದ ಸೀರೆಯನ್ನು ಮೆರೆಸಿ ಅದನ್ನು ಜೋಪಾನ ಮಾಡಿದವರನ್ನು ಕತ್ತಲ ಕೋಣೆಯಲ್ಲಿ ಕೂರಿಸುವ ಮದುವೆ ಎಷ್ಟು ವರ್ಣಮಯವಾಗಿದ್ದರೂ ಬಣ್ಣಗೆಟ್ಟದ್ದೇ ಸರಿ. ಈ ಮಾತನ್ನು ಮಗಳ ಮದುವೆ ಮಾಡಲಿರುವ ತಾಯಿತಂದೆಯರು ಒಮ್ಮೆ ಮನಸ್ಸಿಗೆ ತಂದುಕೊಳ್ಳಲಿ. ನಿಮ್ಮ ಮನೆಯ ಹಂದರದಲ್ಲಿಯೂ ಎಲ್ಲ ತಾಯಂದಿರ ಕೈಯಿಂದ ಅಕ್ಕಿಕಾಳು ಬೀಳಲೆಂದು ಹಾರೈಸುತ್ತೇನೆ.