ಗ್ರೋಸ್‌ಗ್ಲಾಕ್ನರ್ ದಾರಿ ಮತ್ತು ಹಳೆಯ ಗೇರ್‌ಬಾಕ್ಸ್

ಮ್ಯೂನಿಕ್‌ನಲ್ಲಿ ನೆಲೆಸಿರುವ ಗೆಳೆಯನ ಬಳಿ 1980ರ ದಶಕದ ಫೋಕ್ಸ್‌ವ್ಯಾಗನ್ ಟಿ3 ಕ್ಯಾಂಪರ್ ವ್ಯಾನ್ ಇದೆ. ಮೇಲಕ್ಕೆತ್ತಿದರೆ ಮಲಗಲು ಜಾಗವಾಗುವ ಮಾಡು, ಒಳಗೆ ಒಲೆ, ಸಿಂಕು, ಮಡಚುವ ಮೇಜು. ಎಂಜಿನ್ ಇರುವುದು ಹಿಂಬದಿಯಲ್ಲಿ, ಅದಕ್ಕಂಟಿಕೊಂಡೇ ನಾಲ್ಕು ಗೇರಿನ ಗೇರ್‌ಬಾಕ್ಸ್. ಮುಂದಿನ ಗೇರ್ ಲಿವರ್‌ನಿಂದ ಅಲ್ಲಿಗೆ ವ್ಯಾನಿನ ಅಡಿಯಲ್ಲಿ ಉದ್ದನೆಯ ಸರಳು ಹಾದುಹೋಗುತ್ತದೆ. ಈ ವ್ಯಾನಿನಲ್ಲಿ ನಾವಿಬ್ಬರೂ ಆಸ್ಟ್ರಿಯಾದ ಗ್ರೋಸ್‌ಗ್ಲಾಕ್ನರ್ ರಸ್ತೆ ದಾಟಿ ಹೈಲಿಗೆನ್‌ಬ್ಲೂಟ್ ಸೇರಬೇಕೆಂದು ಹೊರಟೆವು. 1935ರಲ್ಲಿ ಸಂಚಾರಕ್ಕೆ ತೆರೆದ ಆ ಬೆಟ್ಟದ ರಸ್ತೆ 48 ಕಿ.ಮೀ. ಉದ್ದ. 36 ಹೇರ್‌ಪಿನ್ ತಿರುವುಗಳನ್ನು ಹಾದು ಹೋಖ್‌ಟೋರ್‌ನಲ್ಲಿ 2,504 ಮೀಟರ್ ಎತ್ತರ ಮುಟ್ಟುತ್ತದೆ.

ಮ್ಯೂನಿಕ್ ಬಿಡುವ ಮೊದಲೇ ಗೇರ್‌ಬಾಕ್ಸ್ ಎರಡು ದೂರು ಹೇಳಿತು. ಬೆಳಗಿನ ತಣ್ಣಗಿನ ವ್ಯಾನಿನಲ್ಲಿ ಬೇಗ ಎರಡನೇ ಗೇರಿಗೆ ಹಾಕಿದರೆ ಕರ್ರೆನ್ನುತ್ತಿತ್ತು. ನಿಧಾನವಾಗಿ ಹಾಕಿದರೆ ಸದ್ದಿಲ್ಲ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ನಲ್ಲಿ ನಿಂತಾಗ ಸಣ್ಣ ಗುಂಯ್‌ಗುಡುವಿಕೆ, ಕ್ಲಚ್ ಒತ್ತಿದೊಡನೆ ಅದೂ ನಿಲ್ಲುತ್ತಿತ್ತು. ಎರಡಕ್ಕೂ ಅರ್ಥವಿದೆ. ಅವಸರದಲ್ಲಿ ಮಾತ್ರ ಒಂದೇ ಗೇರು ಕರ್ರೆಂದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಕ್ಲಚ್ ಒತ್ತಿ ನಾಲ್ಕೈದು ಸೆಕೆಂಡು ಕಾದ ಮೇಲೂ ರಿವರ್ಸ್ ಗೇರು ಕರ್ರೆಂದರೆ ಮೊದಲು ಅನುಮಾನಿಸಬೇಕಾದ್ದು ಕ್ಲಚ್ಚನ್ನು, ಅದು ಪೂರ್ತಿ ಬಿಡುತ್ತಿಲ್ಲ. ಇನ್ನು ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ಸಾಮಾನ್ಯವಾಗಿ ಇನ್‌ಪುಟ್ ಶಾಫ್ಟಿನ ಬೇರಿಂಗಿನದು. ಒತ್ತಿದಾಗಲೇ ಶುರುವಾಗುವುದಾದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನದು.

ಕುಫ್‌ಸ್ಟೈನ್ ಬಳಿ ಆಸ್ಟ್ರಿಯಾ ಪ್ರವೇಶಿಸಿ, ಕಿಟ್ಸ್‌ಬ್ಯೂಹೆಲ್ ದಾಟಿ, 1,274 ಮೀಟರ್ ಎತ್ತರದ ಪಾಸ್ ಥೂರ್ನ್ ಹತ್ತಿದೆವು. ಹತ್ತುವಾಗ ಏನೂ ಆಗಲಿಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಮೂರನೇ ಗೇರು ತಾನಾಗಿಯೇ ಕಳಚಿ ಲಿವರ್ ನ್ಯೂಟ್ರಲ್‌ಗೆ ಬಂತು. ಎಂಜಿನ್ ಹಿಡಿತ ತಪ್ಪಿ ವ್ಯಾನು ಮುಂದಕ್ಕೆ ನುಗ್ಗಿತು. ಗೆಳೆಯ ಬ್ರೇಕ್ ಹಿಡಿದು, ರಸ್ತೆಯಂಚಿನ ಜಾಗಕ್ಕೆ ತಂದು ನಿಲ್ಲಿಸಿದ.

ನಾನು ತೀರ್ಥಹಳ್ಳಿ ಕಡೆಯವನು. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಆಗುಂಬೆ ಘಾಟಿಯ ಚಾಲಕರ ನಿಯಮವನ್ನು ಕೇಳುತ್ತಲೇ ಬೆಳೆದವನು. ಇಳಿಯುವಾಗ ಗೇರು ನಿಲ್ಲದ ಗಾಡಿಯಲ್ಲಿ ಆಲ್ಪ್ಸ್ ದಾಟುವ ಮಾತೇ ಇರಲಿಲ್ಲ. ಕೆಳಗೆ ಮಿಟ್ಟರ್‌ಸಿಲ್‌ನಲ್ಲಿ ದಾರಿ ಕವಲೊಡೆಯುತ್ತದೆ. ದಕ್ಷಿಣಕ್ಕೆ ಹೋದರೆ ಐದು ಕಿ.ಮೀ.ಗೂ ಉದ್ದದ ಫೆಲ್ಬರ್‌ಟೌಯರ್ನ್ ಸುರಂಗ ಬೆಟ್ಟದೊಳಗಿಂದಲೇ ಆಚೆ ಬದಿಗೆ ಮುಟ್ಟಿಸುತ್ತದೆ. ಪೂರ್ವಕ್ಕೆ ಹೋದರೆ ಜೆಲ್ ಆಮ್ ಜೇ, ಅಲ್ಲಿಂದ ಗ್ರೋಸ್‌ಗ್ಲಾಕ್ನರ್. ಕಾರಣ ತಿಳಿಯದೆ ಯಾವುದನ್ನೂ ತೀರ್ಮಾನಿಸುವುದು ಬೇಡವೆಂದು, ಸಮತಟ್ಟಾದ ಕಣಿವೆಯಲ್ಲಿ ನಿಧಾನವಾಗಿ ಪೂರ್ವಕ್ಕೆ ಸಾಗಿ, ಜೆಲ್‌ನ ಒಂದು ಸಣ್ಣ ವರ್ಕ್‌ಶಾಪ್ ಸೇರಿದೆವು.

ಗೇರು ಕಳಚುವುದಕ್ಕೆ ಒಳಗಿನ ಕಾರಣಗಳೂ ಇರಬಹುದು, ಹೊರಗಿನವೂ ಇರಬಹುದು. ಗೇರಿನ ಹಲ್ಲುಗಳ ಅಂಚು ದುಂಡಗಾಗಿರುವುದು, ಹಬ್ ಸವೆದಿರುವುದು, ಫೋರ್ಕ್ ತೇದಿರುವುದು ಒಳಗಿನವು. ಇವಕ್ಕೆ ಗೇರ್‌ಬಾಕ್ಸ್ ಇಳಿಸಿ ಬಿಚ್ಚದೆ ಗತಿಯಿಲ್ಲ. ಸರಳಿನ ಬುಷ್ ಸವೆದು ಗೇರು ಪೂರ್ತಿ ಕೂರದಿರುವುದು ಹೊರಗಿನ ಕಾರಣ, ಅದರ ಖರ್ಚು ಅಲ್ಪ. ನಮ್ಮ ಲಿವರ್ ಗೇರಿನಲ್ಲಿದ್ದಾಗಲೂ ಅತ್ತಿತ್ತ ವಾಲಾಡುತ್ತಿದ್ದುದರಿಂದ ಮೆಕ್ಯಾನಿಕ್ ಹೊರಗಿನಿಂದಲೇ ಶುರುಮಾಡಿದ. ಗೆಳೆಯ ಲಿವರ್ ಆಡಿಸಿದ, ನಾನು ಲಿಫ್ಟಿನ ಕೆಳಗೆ ನಿಂತು ನೋಡಿದೆ. ಸರಳು ಅಲುಗುತ್ತಿತ್ತು, ಆದರೆ ಗೇರ್‌ಬಾಕ್ಸಿನ ತುದಿ ಅಷ್ಟು ಅಲುಗುತ್ತಿರಲಿಲ್ಲ. ನಡುವಿನ ಪ್ಲಾಸ್ಟಿಕ್ ಬುಷ್ ಪುಡಿಪುಡಿಯಾಗಿತ್ತು. ಕಾರ್ಖಾನೆಯಿಂದ ಹೊರಬಿದ್ದು ಮೂರು ದಶಕ ಮೀರಿದ ವ್ಯಾನಿಗೆ ಇದು ವಯಸ್ಸಿನ ಸವೆತ, ಅಷ್ಟೇ.

ಹೊಸ ಬುಷ್ ಹಾಕಿ, ಸರಳಿನ ಅಳತೆ ಸರಿಪಡಿಸಿದ ಮೇಲೆ ಗೇರ್ ಆಯಿಲ್ ನೋಡಿದೆವು. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದುಬಣ್ಣದ ನುಣ್ಣನೆಯ ಕೆಸರು ಅಂಟಿತ್ತು. ಅದು ಸಹಜ ಸವೆತ. ಎಣ್ಣೆಯಲ್ಲಿ ಅಲ್ಲಲ್ಲಿ ಚಿನ್ನದ ಬಣ್ಣದ ಕಣಗಳಿದ್ದವು. ಅವು ಸಿಂಕ್ರೊ ರಿಂಗಿನ ಹಿತ್ತಾಳೆ, ಎರಡನೇ ಗೇರಿನ ದೂರಿಗೆ ಸಾಕ್ಷಿ. ಉಕ್ಕಿನ ಚೂರುಗಳು ಇರಲಿಲ್ಲ. ಇದ್ದಿದ್ದರೆ ನಮ್ಮ ಪ್ರಯಾಣ ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಸಿಂಕ್ರೊಗಳಿಗೆ ಹೊಂದುವ ಜಿಎಲ್-4 ದರ್ಜೆಯ ಎಣ್ಣೆಯನ್ನೇ ತುಂಬಿಸಿದೆವು.

ಬ್ರುಕ್‌ನಿಂದ ಫುಶ್‌ವರೆಗಿನ ಸಣ್ಣ ಏರಿಳಿತಗಳಲ್ಲಿ ಮೂರನೇ ಗೇರಿನಲ್ಲಿ ಮತ್ತೆ ಮತ್ತೆ ಆಕ್ಸಿಲರೇಟರ್ ಒತ್ತಿ ಬಿಟ್ಟು ನೋಡಿದೆವು. ಗೇರು ಕಚ್ಚಿ ನಿಂತಿತು. ಆ ಧೈರ್ಯದಿಂದ ಫೆರ್‌ಲೈಟನ್‌ನಲ್ಲಿ ಟೋಲ್ ಕಟ್ಟಿ ಬೆಟ್ಟ ಹತ್ತಿದೆವು. ತಿರುವುಗಳಲ್ಲಿ ಒಂದು, ಎರಡು ಗೇರುಗಳೇ ಗತಿ. ಕಾಡು ಮುಗಿದು ಹುಲ್ಲುಗಾವಲು, ಹುಲ್ಲು ಮುಗಿದು ಬರಿಯ ಕಲ್ಲು, ಆಮೇಲೆ ಹಿಮ. ಹೋಖ್‌ಟೋರ್‌ನ ಸಣ್ಣ ಸುರಂಗ ದಾಟಿದರೆ ಕಾರಿಂಥಿಯಾ ಪ್ರಾಂತ. ಆಚೆಯ ಇಡೀ ಇಳಿಜಾರನ್ನು ಎರಡನೇ ಗೇರಿನಲ್ಲೇ ಇಳಿದೆವು. ಎಂಜಿನ್ ಗಾಡಿಯನ್ನು ಹಿಡಿದಿತ್ತು, ಬ್ರೇಕ್ ಕಾಯಲಿಲ್ಲ. 3,798 ಮೀಟರಿನ ಗ್ರೋಸ್‌ಗ್ಲಾಕ್ನರ್ ಶಿಖರವನ್ನು ಬೆನ್ನಿಗಿಟ್ಟುಕೊಂಡ ಹೈಲಿಗೆನ್‌ಬ್ಲೂಟ್‌ನ ಚೂಪು ಗೋಪುರದ ಚರ್ಚ್ ಕಂಡಾಗ ಇಬ್ಬರಿಗೂ ಮಾತು ಹೊರಡಲಿಲ್ಲ.

ಬೇರಿಂಗ್ ಮತ್ತು ಸಿಂಕ್ರೊ ಬದಲಿಸುವ ಕೆಲಸವನ್ನು ಗೆಳೆಯ ಚಳಿಗಾಲಕ್ಕೆ ಇಟ್ಟುಕೊಂಡಿದ್ದಾನೆ. ಹಳೆಯ ವ್ಯಾನಿನಲ್ಲಿ ಬೆಟ್ಟ ಹತ್ತಲು ಹೊರಟವರಿಗೆ ನನ್ನ ಮಾತು ಇಷ್ಟೇ: ಸದ್ದು ಕೇಳಿದೊಡನೆ ಗೇರ್‌ಬಾಕ್ಸ್ ಸತ್ತಿತೆಂದು ತೀರ್ಪು ಕೊಡಬೇಡಿ. ಮೊದಲು ಕ್ಲಚ್, ಆಮೇಲೆ ಸರಳು ಮತ್ತು ಬುಷ್, ಆಮೇಲೆ ಎಣ್ಣೆ, ಕೊನೆಗೆ ಒಳಗಿನ ಭಾಗಗಳು, ಈ ಕ್ರಮದಲ್ಲೇ ಪರೀಕ್ಷಿಸಿ. ಇಳಿಜಾರಿನಲ್ಲಿ ಗೇರು ಕಳಚಿದರೆ ಮಾತ್ರ, ಕಾರಣ ಸಿಗುವವರೆಗೆ ಘಾಟಿಗೆ ಹೋಗಬೇಡಿ. ಎಣ್ಣೆ ಇಳಿಸುವ ಮುನ್ನ ತುಂಬುವ ಪ್ಲಗ್ ತಿರುಗುತ್ತದೆಯೇ ಎಂದು ನೋಡಿಕೊಳ್ಳಿ. ಅದು ಬಿಗಿದು ಕೂತಿದ್ದರೆ ಬರಿದಾದ ಗೇರ್‌ಬಾಕ್ಸಿಗೆ ಮತ್ತೆ ಎಣ್ಣೆ ತುಂಬಲು ದಾರಿಯಿರುವುದಿಲ್ಲ.