ಲಾಳದ ಮೊಳೆ

ಭರತ ಹುಣ್ಣಿಮೆ ಹತ್ತಿರ ಬಂದರೆ ಮೈಲಾರ ಜಾತ್ರೆಯ ದಾರಿಯಲ್ಲಿ ಎತ್ತಿನ ಬಂಡಿಗಳ ಸಾಲು. ಡಾಂಬರಿನ ಮೇಲೆ ಲಾಳವಿಲ್ಲದ ಗೊರಸು ಬೇಗ ಸವೆಯುತ್ತದೆ. ಕುದುರೆಗೆ ಕಾಲಿಗೊಂದೇ ಲಾಳ. ಎತ್ತಿನದು ಸೀಳುಗೊರಸು, ನಾಲ್ಕೂ ಕಾಲಿಗೆ ಕಟ್ಟಿದರೆ ಎಂಟು. ಮೊಳೆ ಬಾಗಬೇಕು, ಮುರಿಯಬಾರದು. ಗೊರಸಿನ ಜೀವಕ್ಕೆ ತಾಗಿತೋ, ಎತ್ತು ಕುಂಟುತ್ತದೆ. ಅಂಗಡಿಯ ಡಬ್ಬಿ ಮೊಳೆ ಯಾವ ದೇಶದ್ದು ಅಂತ ಯಾರು ಕೇಳುತ್ತಾರೆ? ಸಂಡೂರಿನ ಕಬ್ಬಿಣದ ಅದಿರು ಒಂದು ಕಾಲಕ್ಕೆ ಲಾರಿಗಟ್ಟಲೆ ಬಂದರು ಸೇರಿ ಚೀನಾಕ್ಕೆ ಹೋಗುತ್ತಿತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. ಊರ ಕುಲುಮೆಗಳಿಗೆ ಮಾತ್ರ ಆ ಅದಿರಿನಿಂದ ಏನೂ ಸಿಗಲಿಲ್ಲ. ಈ ಸಲ ಜಾತ್ರೆಗೆ ಬಂಡಿ ಕಟ್ಟುವವರೇ, ನಿಮ್ಮೂರಲ್ಲಿ ಕಮ್ಮಾರರು ಇನ್ನೂ ಇದ್ದರೆ ಲಾಳ, ಮೊಳೆ ಅವರ ಹತ್ತಿರವೇ ಮಾಡಿಸಿಕೊಳ್ಳಿ. ಚೌಕಾಸಿ ಮಾತ್ರ ಬೇಡ.